ಪೆನಾಲ್ಟಿ ಹೊತ್ತಿನ ಆಯೇರ

ನನಗೆ ಫುಟ್‌ಬಾಲ್ ಬರುವುದಿಲ್ಲ. ಚೆಂಡು ನನ್ನ ಕಡೆ ಉರುಳಿ ಬಂದರೆ ಈಗಲೂ ದಾರಿ ಬಿಟ್ಟು ನಿಲ್ಲುತ್ತೇನೆ. ಹೀಗಿದ್ದೂ ಎಪ್ಪತ್ತರ ದಶಕದಲ್ಲಿ ಎರಡು ವರ್ಷ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಫುಟ್‌ಬಾಲ್ ಲೀಗಿನ ಕಾರ್ಯದರ್ಶಿಯಾಗಿದ್ದೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನಿಗೆ ಈ ಪದವಿ ಬಂದದ್ದು ಚಿತ್ರ ಬರೆಯುವುದರಿಂದಲ್ಲ, ಗಂಟಲಿನಿಂದ. ಸುತ್ತಲಿನ ಮದುವೆಗಳಲ್ಲೆಲ್ಲ ಆಯೇರ ಓದುವವನು ನಾನೇ.

ನೀವು ನಮ್ಮ ಕಡೆಯವರಲ್ಲದಿದ್ದರೆ ಆಯೇರದ ವಿಷಯ ಹೇಳಬೇಕಾಗುತ್ತದೆ. ಮದುಮಕ್ಕಳ ಮೇಲೆ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ, ಉಡುಗೊರೆ ಕೊಟ್ಟವರ ಹೆಸರು, ಊರು, ಕೊಟ್ಟ ವಸ್ತು ಮೂರನ್ನೂ ಮೈಕಿನಲ್ಲಿ ಓದುತ್ತಾರೆ. ಹೆಸರು ಬಂದ ಕೂಡಲೇ ಮದುಮಗ ಏನು ಮಾಡುತ್ತಿದ್ದರೂ ಬಿಟ್ಟು ಆ ಹಿರಿಯರ ಕಡೆ ತಿರುಗಿ ಕೈ ಮುಗಿಯಬೇಕು. ಬಾಯಲ್ಲಿ ಲಾಡು ಇದ್ದರೂ ಮುಗಿಯಬೇಕು. ಕೈ ಮುಗಿಯದ ಮದುಮಗನ ಸೊಕ್ಕಿನ ಸುದ್ದಿ ಅವನ ಮಕ್ಕಳ ಮದುವೆಯತನಕ ಊರಲ್ಲಿ ಉಳಿದಿರುತ್ತದೆ.

ಲೀಗು ಹುಟ್ಟಿದ್ದು ನಮ್ಮ ಪಿ.ಟಿ. ಮಾಸ್ತರರ ತಲೆಯಲ್ಲಿ. ದೊಡ್ಡ ಊರುಗಳಲ್ಲಿ ಕಂಪನಿಗಳು ರೊಕ್ಕ ಕೊಟ್ಟು ಆಟಗಾರರನ್ನು ಸಾಕುತ್ತವೆ ಎಂದು ಅವರು ಎಲ್ಲೋ ಓದಿದ್ದರು. ನಮ್ಮಲ್ಲಿ ಕಂಪನಿಗಳಿರಲಿಲ್ಲ, ಸಾಹುಕಾರರಿದ್ದರು. ಮುದ್ದೇಬಿಹಾಳ ತಂಡಕ್ಕೆ ಶೇಂಗಾ ಎಣ್ಣೆ ಮಿಲ್ಲಿನವರು, ಇಂಡಿಗೆ ಲಿಂಬೆಹಣ್ಣಿನ ವ್ಯಾಪಾರಿ, ಸಿಂದಗಿಗೆ ಅರಿವೆ ಅಂಗಡಿಯವರು, ಬಾಗೇವಾಡಿಗೆ ಚಹಾಪುಡಿಯವರು ಸಿಕ್ಕರು. ಆಟಗಾರರಿಗೆ ಅಂಗಿ, ಪಂದ್ಯಕ್ಕೆ ಇಷ್ಟು ಎಂದು ಕೂಲಿ, ಆಟ ಮುಗಿದ ಮೇಲೆ ಚುರುಮುರಿ, ಮಿರ್ಚಿ. ಎರಡು ಹೊತ್ತು ಮಿರ್ಚಿ ತಿಂದು ಆಡಿದ ನಮ್ಮ ಸೆಂಟರ್ ಫಾರ್ವರ್ಡ್ ತನ್ನನ್ನು ವೃತ್ತಿಪರ ಆಟಗಾರ ಎಂದೇ ತಿಳಿದಿದ್ದ.

ಕೊಡುವವನಿಗೆ ಹೆಸರಿನ ಆಸೆ ಇರುವುದು ಹೊಸದೇನಲ್ಲ. ನಮ್ಮ ಹಳೆಯ ಗುಡಿಗಳ ಶಾಸನಗಳನ್ನು ನೋಡಿ. ದೀಪಕ್ಕೆ ಎಣ್ಣೆ ಕೊಟ್ಟವನ ವಂಶ, ಬಿರುದು, ಪರಾಕ್ರಮ ಎಲ್ಲ ಇಪ್ಪತ್ತು ಸಾಲು ಬಂದ ಮೇಲೆ ದೇವರ ಹೆಸರು ಒಂದು ಮೂಲೆಯಲ್ಲಿ ಬರುತ್ತದೆ. ನಮ್ಮ ಶಾಲೆಗೆ ಒಬ್ಬರು ಪಂಖ ಕೊಟ್ಟಿದ್ದರು. ಮೂರು ಎಲೆಗಳ ಮೇಲೂ ಅವರ ಹೆಸರು ಬರೆಸಿದ್ದರು. ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಅವರು ಶಾಲೆಗೆ ಬಂದ ದಿನ ನಾವು ಪಂಖ ಹಚ್ಚುತ್ತಿರಲಿಲ್ಲ. ಅವರೂ ನಮ್ಮ ಜೊತೆ ಬೆವರುತ್ತ ಮೇಲೆ ನೋಡಿ ಸಂತೋಷಪಡುತ್ತಿದ್ದರು.

ಮುದ್ದೇಬಿಹಾಳದ ಗೋಲ್‌ಕೀಪರ್ ಯಮನಪ್ಪನನ್ನು ಹುಡುಕಿದ್ದು ನಾನು. ಲೀಗಿಗೆ ನಾನು ಮಾಡಿದ ಒಂದೇ ಉಪಕಾರ ಅದು. ಶಾಲೆಯ ಮೇಲಂತಸ್ತು ಕಟ್ಟುವಾಗ ಕೆಳಗಿನಿಂದ ಎಸೆದ ಇಟ್ಟಂಗಿಗಳನ್ನು ಅವನು ಮೇಲೆ ನಿಂತು ಹಿಡಿಯುತ್ತಿದ್ದ. ಒಂದು ಮಧ್ಯಾಹ್ನವೆಲ್ಲ ಕಿಟಕಿಯಲ್ಲಿ ನಿಂತು ನೋಡಿದೆ, ಒಂದೂ ಬೀಳಲಿಲ್ಲ. ಚೆಂಡು ಹಿಡಿಯುತ್ತೀಯೇನೋ ಎಂದು ಕೇಳಿದ್ದಕ್ಕೆ, "ಇಟ್ಟಂಗಿ ತಪ್ಪಿದ್ರ ಕೆಳಗಿದ್ದವರ ತಲಿ ಒಡಿತೈತ್ರಿ ಮಾಸ್ತರ. ಚೆಂಡಿಗೆ ಅಂಥಾದ್ದೇನೂ ಇಲ್ಲಲ್ರಿ," ಅಂದ. ಇದ್ದರೂ ಇರಬಹುದು ಎಂದು ನನಗಾಗಲಿ ಅವನಿಗಾಗಲಿ ಆಗ ಹೊಳೆಯಲಿಲ್ಲ.

ಯಮನಪ್ಪನ ಹೆಂಡತಿ ಗಂಗವ್ವ ಒಂದೂವರೆ ವರ್ಷದಿಂದ ದೇವರ ಹಿಪ್ಪರಗಿಯಲ್ಲಿ ತವರುಮನೆಯಲ್ಲಿದ್ದಳು. ಜಗಳವಾಗಿರಲಿಲ್ಲ. ಅವಳ ತಂದೆ ಸಿದ್ರಾಮಪ್ಪ, "ದಿನಗೂಲಿಯಾಂವನ ಮನಿಯಾಗ ನನ್ನ ಮಗಳು ಉಪಾಸ ಬೀಳೋದು ಬ್ಯಾಡ. ತಿಂಗಳಾ ಪಗಾರ ಬರೋ ಕೆಲಸ ಹಿಡಿ, ಕಳಸ್ತೇನಿ," ಎಂದು ಹೇಳಿ ಕರೆದುಕೊಂಡು ಹೋಗಿದ್ದ. ಪ್ರತಿ ಅಮಾವಾಸ್ಯೆಗೆ ಯಮನಪ್ಪ ಹೋಗಿ ಮಾವನ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಹೆಂಡತಿಯನ್ನು ದೂರದಿಂದ ನೋಡಿ ಬರುತ್ತಿದ್ದ. ಇದನ್ನು ನನಗೆ ಹೇಳುವಾಗ ಅವನು ಅತ್ತದ್ದುಂಟು.

ಎಣ್ಣೆ ಮಿಲ್ಲಿನ ಸಾಹುಕಾರರ ಕಿವಿಗೆ ಇದನ್ನು ನಾನೇ ಹಾಕಿದೆ. ಅವರು ಎಲೆ ಅಡಿಕೆ ಮಡಚುತ್ತ, "ಲೀಗಿನ ಬಟ್ಟಲಾ ಮುದ್ದೇಬಿಹಾಳಕ ಬಂದ್ರ ಅಂವಗ ಮಿಲ್ಲಿನ್ಯಾಗ ಕಾಯಂ ನೌಕರಿ," ಅಂದರು. ಬಟ್ಟಲು ಅಂದರೆ ಗೆದ್ದವರಿಗೆ ಕೊಡುವ ಬೆಳ್ಳಿಯದು. ಮಾತಿನ ಬೆನ್ನಿಗೇ ತಮ್ಮ ದೂರನ್ನೂ ಹೇಳಿದರು. "ನಿಮ್ಮ ಆಟದಾಗ ನಮ್ಮ ಹೆಸರು ಕರದ್ರ ಯಾರೂ ಕೇಳಂಗಿಲ್ಲಲ್ರಿ. ಮಂದಿ ಗದ್ಲ ಮಾಡಾಕತ್ತಿರ್ತಾರ, ಆಡೋರು ಚೆಂಡಿನ ಹಿಂದ ಓಡಾಕತ್ತಿರ್ತಾರ. ಆಯೇರದ ಮರ್ಯಾದಿ ಇಲ್ಲದಿದ್ರ ಅಂಗಿ ಯಾಕ ಹೊಲಿಸಿ ಕೊಡಬೇಕು?"

ಮಾತು ನ್ಯಾಯವಾಗಿತ್ತು. ಆ ವಾರವೇ ನಾಲ್ಕು ತಂಡಗಳನ್ನು ಕೂಡಿಸಿ, ಹೆಸರು ಕೂಗಿದಾಗ ಆಯೇರ ಪಡೆದವನು ಕೊಟ್ಟವರ ಕಡೆ ತಿರುಗಿ ಕೈ ಮುಗಿಯತಕ್ಕದ್ದು ಎಂದು ಠರಾವು ಮಾಡಿಸಿದೆ. ಆಟ ನಡೆದಿರುವಾಗ ಹೇಗೆ ಎಂದು ಯಾರೂ ಕೇಳಲಿಲ್ಲ. ಮದುವೆಯೂ ನಡೆದೇ ಇರುತ್ತದಲ್ಲ.

ಉಳಿದದ್ದು ಗದ್ದಲದ ಪ್ರಶ್ನೆ. ನಾನು ಬಹಳ ವಿಚಾರ ಮಾಡಿದೆ. ಫುಟ್‌ಬಾಲ್ ಮೈದಾನದಲ್ಲಿ ಜನ ಒಟ್ಟಿಗೇ ಬಾಯಿ ಮುಚ್ಚುವ ಗಳಿಗೆ ಒಂದೇ ಒಂದು, ಅದು ಪೆನಾಲ್ಟಿ. ಚೆಂಡನ್ನು ಇಟ್ಟು, ಒದೆಯುವವನು ಹಿಂದೆ ಸರಿದು ನಿಂತಾಗ ಹತ್ತಿ ಬಿದ್ದರೂ ಕೇಳಿಸುತ್ತದೆ. ಜಾಹೀರಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ ಎಂದು ಕಂಡುಹಿಡಿದು, ಈ ಬುದ್ಧಿ ಬೇರೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನ್ನ ಬಗ್ಗೆ ನಾನೇ ಅಭಿಮಾನಪಟ್ಟೆ.

ಲೀಗಿನ ಕೊನೆಯ ಪಂದ್ಯ ಬಾಗೇವಾಡಿಯಲ್ಲಿ, ಮುದ್ದೇಬಿಹಾಳಕ್ಕೂ ಇಂಡಿಗೂ. ಅಂಕಗಳಲ್ಲಿ ಮುಂದಿದ್ದ ನಮಗೆ ಸೋಲದಿದ್ದರೆ ಸಾಕಿತ್ತು, ಬಟ್ಟಲು ನಮ್ಮದು. ಬಸವಣ್ಣನ ಗುಡಿಗೆ ಬಂದ ನೆವದಲ್ಲಿ ಸಿದ್ರಾಮಪ್ಪ ಮಗಳನ್ನು ಕರೆದುಕೊಂಡು ಮೈದಾನಕ್ಕೂ ಬಂದಿದ್ದ. ಅವನು ಹುಟ್ಟಿದಾಗಿನಿಂದ ಫುಟ್‌ಬಾಲ್ ನೋಡಿದವನಲ್ಲ. ಗಂಗವ್ವ ಚಕ್ಕಡಿಯ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಯಮನಪ್ಪ ಅವತ್ತು ಇಟ್ಟಂಗಿ ಹಿಡಿದಂತೆಯೇ ಚೆಂಡು ಹಿಡಿದ. ಒಂದೂ ಬೀಳಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಆಟ ಇನ್ನೇನು ಮುಗಿಯಬೇಕು, ಆಗ ಇಂಡಿಯವರಿಗೆ ಪೆನಾಲ್ಟಿ ಸಿಕ್ಕಿತು.

ಅದೇ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದ ಸಾಹುಕಾರರು ಒಂದು ಚೀಟಿ ಕಳಿಸಿದರು. ಹುಡುಗನ ಆಟ ಅವರಿಗೆ ಮನಸ್ಸಿಗೆ ಬಂದಿತ್ತು. ಜನ ಗಪ್ಪಾದರು. ರೆಫರಿಯಾಗಿದ್ದ ಪಿ.ಟಿ. ಮಾಸ್ತರರು ಸೀಟಿ ಊದಿದರು. ನಾನು ಮೈಕು ಬಾಯಿಗೆ ಹಿಡಿದು, "ಮುದ್ದೇಬಿಹಾಳದ ಎಣ್ಣೆ ಮಿಲ್ಲಿನ ಸಾಹುಕಾರರಿಂದ ಗೋಲ್‌ಕೀಪರ್ ಯಮನಪ್ಪನವರಿಗೆ ಒಂದು ಕೈಗಡಿಯಾರ ಆಯೇರ," ಎಂದು ಓದಿದೆ. ಧ್ವನಿ ಅವತ್ತು ಬಹಳ ಚೆನ್ನಾಗಿ ಬಂದಿತ್ತು.

ಎರಡೂ ಕೈ ಅಗಲಿಸಿ ನಿಂತಿದ್ದ ಯಮನಪ್ಪ ಆ ಕೈಗಳನ್ನು ಕೂಡಿಸಿ, ಕುರ್ಚಿಗಳ ಕಡೆ ತಿರುಗಿ, ತಲೆ ಬಗ್ಗಿಸಿ ಕೈ ಮುಗಿದ. ಇಂಡಿಯವನು ಒದ್ದ. ಚೆಂಡು ಯಮನಪ್ಪನ ಮೊಣಕೈ ಪಕ್ಕದಿಂದಲೇ, ಅವಸರವಿಲ್ಲದೆ ಒಳಗೆ ಹೋಯಿತು. ಇಂಡಿಯ ಜನ ಎದ್ದು ನಿಂತು ಕೂಗಿದರು. ಏನಾಯಿತೆಂದು ನೋಡಲು ಉಳಿದವರೂ ಎದ್ದರು. ಯಮನಪ್ಪ ಇನ್ನೂ ಕೈ ಮುಗಿದುಕೊಂಡೇ ಇದ್ದ.

"ಯಾಕೋ ಯಮನಪ್ಪ?" ಎಂದು ಆಮೇಲೆ ಕೇಳಿದೆ.

"ಹೆಸರ ಕರದ್ರಲ್ರಿ," ಅಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಮಿಲ್ಲಿಗೆ ಹೋದೆ.

"ಬಟ್ಟಲಾ ಬಂದ್ರ ನೌಕರಿ ಅಂದಿದ್ದೆ," ಅಂದರು ಸಾಹುಕಾರರು.

"ಹೌದ್ರಿ."

"ಬಂತೇನು?"

"ಇಲ್ರಿ."

"ಯಾಕ ಬರಲಿಲ್ಲ?"

"ನಿಮ್ಮ ಹೆಸರು ಕರದಿದ್ದೆವ್ರಿ."

ಅವರು ಎದ್ದು ಹೋಗಿ ಎಲೆಯ ರಸ ಉಗುಳಿ ಬಂದರು. "ಎಲ್ಲಾರೂ ನೋಡಿದ್ರೇನು, ಅಂವ ಕೈ ಮುಗದದ್ದು?" ಎಂದು ಕೇಳಿದರು. ಎಲ್ಲರೂ ನೋಡಿದರು, ಚೆಂಡನ್ನೇ ಯಾರೂ ನೋಡಲಿಲ್ಲ ಎಂದೆ. ಅವರ ಮುಖ ಅರಳಿತು. ಗಡಿಯಾರ ಒಳಗಿನಿಂದ ತರಿಸಿ ಕೊಟ್ಟರು. ಮೈಕಿನಲ್ಲಿ ಓದಿದ ವಸ್ತುವನ್ನು ಕೊಡದಿರುವವರು ನಮ್ಮ ಕಡೆ ಇಲ್ಲ. ನೌಕರಿಯ ಮಾತು ಮಾತ್ರ ಮೈಕಿನಲ್ಲಿ ಓದಿದ್ದಾಗಿರಲಿಲ್ಲ.

ಲೀಗು ಬೆಳೆದದ್ದು ಆ ಗೋಲಿನಿಂದ. ಹೆಸರು ಕೇಳಿ ಗೋಲು ಬಿಟ್ಟುಕೊಡುವ ಆಟಗಾರರಿದ್ದಾರೆ ಎಂಬ ಸುದ್ದಿ ನಾಲ್ಕೂ ಪೇಟೆಗಳಲ್ಲಿ ಹಬ್ಬಿ, ಎರಡನೆಯ ವರ್ಷಕ್ಕೆ ಕೊಡುವವರು ಸಾಲುಹಚ್ಚಿದರು. ಮನಗೂಳಿಯಿಂದ ಒಬ್ಬ ಗೊಬ್ಬರದ ವ್ಯಾಪಾರಿ ಬಂದು, ತಾನು ಇಷ್ಟು ಕೊಟ್ಟರೆ ಎಷ್ಟು ಪೆನಾಲ್ಟಿ ಆಗುತ್ತವೆ ಎಂದು ನೇರ ಕೇಳಿದ. ಆಟಗಾರರ ಕೂಲಿ ಏರಿತು, ಮಿರ್ಚಿಯ ಜಾಗಕ್ಕೆ ಜಿಲೇಬಿ ಬಂತು. ಸಭೆಯಲ್ಲಿ ನನ್ನ ದೂರದೃಷ್ಟಿಗೆ ಹಾರ ಹಾಕಿದರು. ಹಾರ ಹಾಕಿಸಿಕೊಳ್ಳುವಾಗ ನನಗೆ ನಾಚಿಕೆಯಾಯಿತು, ಆದರೆ ತೆಗೆಯಲಿಲ್ಲ.

ಇದೆಲ್ಲ ಆದದ್ದು ಆಮೇಲೆ. ಆ ಪಂದ್ಯವಾದ ಹದಿನೈದು ದಿನಕ್ಕೆ ನಾನು ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಪ್ಪರಗಿ ಕಡೆಯ ಬಸ್ಸಿನಿಂದ ಸಿದ್ರಾಮಪ್ಪ ಇಳಿದ. ತಲೆಯ ಮೇಲೆ ಟ್ರಂಕು, ಹಿಂದೆ ಗಂಗವ್ವ. ನನ್ನನ್ನು ನೋಡಿ ಟ್ರಂಕು ಇಳಿಸಿ ನಮಸ್ಕಾರ ಮಾಡಿದ.

"ಮಗಳನ್ನ ಅಳಿಯನ ಮನಿಗೆ ಬಿಡಾಕ ಹೊಂಟೇನಿ ನೋಡ್ರಿ ಮಾಸ್ತರ," ಅಂದ.

ನೌಕರಿ ಆಗಿಲ್ಲ ಎಂದು ಅವನಿಗೆ ಗೊತ್ತಿದೆಯೋ ಇಲ್ಲವೋ ತಿಳಿಯದೆ ನಾನು ತೊದಲುತ್ತಿದ್ದೆ. ಅವನೇ ಮುಂದುವರಿಸಿದ. "ಪಗಾರದ್ದು ಇವತ್ತಿಲ್ಲ ನಾಳೆ ಆಗ್ತೈತ್ರಿ. ನಾ ಆವತ್ತು ಕಣ್ಣಾರೆ ನೋಡಿದೆ. ಮೈಕಿನ್ಯಾಗ ಅವನ ಹೆಸರು 'ಅವರು' ಹಚ್ಚಿ ಕರದ್ರಿ. ಚೆಂಡು ಬಲಿಯಾಗ ಹೋಗಿ ಬಿತ್ತು. ಅಷ್ಟೂ ಮಂದಿ ಎದ್ದು ನಿಂತು ಕೂಗಿತು. ಆದ್ರೂ ಹುಡುಗ ಒಂದೀಟು ಸೊಕ್ಕು ಮಾಡದ ಕೈ ಮುಗದ ನಿಂತಿದ್ದ. ಅಂಥಾ ದೊಡ್ಡ ಮನುಷ್ಯಾನ ಹೇಣ್ತೀನ್ನ ಮನಿಯಾಗ ಕುಂಡ್ರಿಸಿಕೊಂಡು ನಾ ತಪ್ಪು ಮಾಡಿದೆ ಅನಿಸ್ತ್ರಿ."

ನಾನು ಮಾಸ್ತರ. ತಪ್ಪು ತಿದ್ದುವುದು ನನ್ನ ಉದ್ಯೋಗ. ಬಲೆಯಲ್ಲಿ ಚೆಂಡು ಬಿದ್ದರೆ ಕಾಯುವವನಿಗೆ ಏನಾಗುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ತಂದೆಯ ಬೆನ್ನ ಹಿಂದೆ ಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಕಟ್ಟೆಯ ಮೇಲೆ ಕೂತವನು ಮಾವನ ಜೊತೆ ಮಾತಾಡುವ ನೆಪದಲ್ಲಿ ಆಟದ ನಿಯಮಗಳನ್ನೆಲ್ಲ ಒಳಗಿನವಳಿಗೆ ಕೇಳುವಂತೆ ಹೇಳಿದ್ದಿರಬೇಕು. ಮಾವ ಕೇಳಿಸಿಕೊಂಡಿರಲಿಲ್ಲ, ಅವಳು ಕೇಳಿಸಿಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

"ಮಾಸ್ತರ," ಅಂದಳು ಮೆಲ್ಲಗೆ, "ಮುದ್ದೇಬಿಹಾಳ ಬಸ್ಸು ಬಂತ್ರಿ."

ನಾನು ಬಾಯಿ ಮುಚ್ಚಿದೆ. ಟ್ರಂಕಿನ ಒಂದು ಕಡೆ ಸಿದ್ರಾಮಪ್ಪ ಹಿಡಿದ, ಇನ್ನೊಂದು ಕಡೆ ನಾನು ಹಿಡಿದು ಬಸ್ಸಿನ ಮೇಲೆ ಹಾಕಿಸಿದೆ.