ಏಳನೆಯ ಹಲ್ಲಿ

ಬಸ್ ಡಿಪೋದ ಹಿಂಭಾಗದ ಶೆಡ್ಡಿನಲ್ಲಿ ಹರಿದ ಸೀಟುಗಳನ್ನು ಹೊಲಿಯುವ ಹೆಂಗಸಿಗೆ ಡ್ರೈವರುಗಳೆಲ್ಲ ಸೇರಿ ಸೀಟಕ್ಕ ಎಂದು ಹೆಸರಿಟ್ಟಿದ್ದರು. ಸ್ಪಂಜು, ರೆಕ್ಸಿನ್ನು, ದಪ್ಪ ಸೂಜಿ, ಅಂಟಿನ ಡಬ್ಬ, ಇವುಗಳ ನಡುವೆ ದಿನವಿಡೀ ಬಗ್ಗಿ ಕೂತಿರುವವಳು. ಮಾತು ಕಡಿಮೆ, ನಗು ಅದಕ್ಕಿಂತಲೂ ಕಡಿಮೆ ಎಂದು ಡಿಪೋದವರ ಅಂದಾಜು. ಅವಳ ಮಂಚದ ಕೆಳಗಿದ್ದ ತಗಡಿನ ಪೆಟ್ಟಿಗೆಯನ್ನು ಅವರು ಯಾರೂ ನೋಡಿರಲಿಲ್ಲ.

ಪೆಟ್ಟಿಗೆಯೊಳಗೆ ಇದ್ದದ್ದು ಕಾಮಿಕ್ಸು. ಅಂಗಡಿಯ ಮುಂದೆ ನೇತುಹಾಕಿ ಮಾರುವ ಬಣ್ಣಬಣ್ಣದ ಜಾತಿಯದಲ್ಲ. ಯಾರೋ ಕದ್ದುಮುಚ್ಚಿ ಬರೆದು, ಪರಿಚಯದವರ ಪ್ರೆಸ್ಸಿನಲ್ಲಿ ನಲವತ್ತೋ ಐವತ್ತೋ ಪ್ರತಿ ತೆಗೆದು, ಪಿನ್ನು ಹೊಡೆದು, ಕೈಯಿಂದ ಕೈಗೆ ದಾಟಿಸುವಂಥವು. ಬರೆದವರ ಹೆಸರಿರುವುದಿಲ್ಲ. ಮುಗಿದರೆ ಮುಗಿಯಿತು, ಇನ್ನೊಮ್ಮೆ ಅಚ್ಚಾಗುವುದಿಲ್ಲ.

ಅವಳಿಗೆ ಈ ಹುಚ್ಚು ಹಿಡಿದದ್ದು ಶೆಡ್ಡಿನಲ್ಲೇ. ಒಂದು ಹಳೆಯ ಬಸ್ಸಿನ ಕೊನೆಯ ಸೀಟು ಬಿಚ್ಚಿದಾಗ ಸ್ಪಂಜಿನ ಸಂದಿಯಿಂದ ಒಂದು ತೆಳ್ಳನೆ ಪುಸ್ತಕ ಜಾರಿ ಬಿತ್ತು. ಮೇಲೆ ‘ಲೊಚ್ ಲೊಚ್’ ಎಂದು ಓರೆಕೋರೆ ಅಕ್ಷರ. ಒಳಗೆ ಒಂದು ಹಲ್ಲಿ. ಅದು ಯಾವುದೋ ದೊಡ್ಡ ಕಚೇರಿಯ ಸೂರಿಗೆ ಅಂಟಿಕೊಂಡು, ಕೆಳಗೆ ಓಡಾಡುವ ಸಾಹೇಬರ ಬೋಳುತಲೆಗಳನ್ನು ನೋಡುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಫೈಲೊಂದು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುವಷ್ಟರಲ್ಲಿ ಆ ಹಲ್ಲಿಗೆ ಮದುವೆಯಾಗಿ, ಮೊಮ್ಮಕ್ಕಳಾಗಿ, ಮೊಮ್ಮಕ್ಕಳೂ ಅದೇ ಫೈಲಿಗಾಗಿ ಕಾಯುತ್ತಿದ್ದವು. ಸೀಟಕ್ಕ ಅವತ್ತು ನಕ್ಕ ನಗುವಿಗೆ ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕು ಏನೋ ಅನಾಹುತವಾಯಿತೆಂದು ಓಡಿಬಂದಿದ್ದ.

ಆಮೇಲೆ ಅವಳು ಪ್ರತಿ ಭಾನುವಾರ ಹಳೇ ಪುಸ್ತಕದ ಸಾಲಿಗೆ, ಗುಜರಿ ಅಂಗಡಿಗಳಿಗೆ ಹೋಗತೊಡಗಿದಳು. ಬೇರೆ ಬೇರೆಯವರು ಬರೆದದ್ದೂ ಸಿಕ್ಕಿತು. ಆದರೆ ಜೀವ ಇದ್ದದ್ದು ಹಲ್ಲಿಯ ಮೇಲೇ. ಆ ಕಾಗದದ ಒರಟು, ಒಂದು ಪ್ರತಿಯಲ್ಲಿ ಮಸಿ ಹರಡಿ ಸಾಹೇಬರಿಗೆ ಮೀಸೆ ಬಂದಿರುವುದು, ಇನ್ನೊಂದರಲ್ಲಿ ಪಿನ್ನು ಹಲ್ಲಿಯ ಹೊಟ್ಟೆಗೇ ಚುಚ್ಚಿರುವುದು, ಇವನ್ನೆಲ್ಲ ಬೆರಳಿನಿಂದ ಸವರಿ ನೋಡುವಳು. ಇಷ್ಟಕ್ಕೂ ಅದರಲ್ಲೇನಿದೆ ಎಂದು ತಂಗಿ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಹೀಗಿತ್ತು: ಇದನ್ನು ಓದಿ ನಕ್ಕವರು ಲೋಕದಲ್ಲೆಲ್ಲ ಒಂದು ಬಸ್ಸು ತುಂಬುವಷ್ಟು ಜನ ಇರಬಹುದು; ಆ ಬಸ್ಸಿನಲ್ಲಿ ನನಗೂ ಒಂದು ಸೀಟಿದೆ. ಶಿಶುವಿಹಾರದಲ್ಲಿ ಪಾಠ ಹೇಳುವ, ಅಕ್ಕನ ಜೊತೆಗೇ ಇರುವ ತಂಗಿ, ಸದ್ಯ ನಿಂತುಕೊಂಡು ಹೋಗಬೇಕಿಲ್ಲವಲ್ಲ ಎಂದಿದ್ದಳು.

ತೊಡಕು ಶುರುವಾದದ್ದು ಏಳನೆಯ ಸಂಚಿಕೆಯಿಂದ. ಆರನೆಯದರ ಕೊನೆಯ ಚಿತ್ರದಲ್ಲಿ ಸಾಹೇಬರು ಮೇಜಿನ ಖಾನೆಯನ್ನು ದಡಾರನೆ ಮುಚ್ಚುತ್ತಾರೆ, ಹಲ್ಲಿ ಒಳಗೇ ಸಿಕ್ಕಿಬೀಳುತ್ತದೆ. ಎಂಟನೆಯದರಲ್ಲಿ ಅದೇ ಹಲ್ಲಿ, ಬಾಲವಿಲ್ಲದೆ, ಬೇರೊಂದು ಕಚೇರಿಯ ಗಡಿಯಾರದ ಹಿಂದೆ ಆರಾಮಾಗಿ ಕೂತಿದೆ. ನಡುವೆ ಏನಾಯಿತು? ಎಂಟು, ಒಂಬತ್ತು, ಹತ್ತು ಎಲ್ಲ ಸಿಕ್ಕರೂ ಏಳು ಮಾತ್ರ ಎಲ್ಲೂ ಸಿಗಲಿಲ್ಲ.

ಸಿಗದಿದ್ದರೆ ಹೋಗಲಿ ಎನ್ನುವಂತೆಯೂ ಇರಲಿಲ್ಲ. ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯವನೂ ಇದೇ ಹಲ್ಲಿಯ ಭಕ್ತ. ತನ್ನ ಬಳಿ ಏಳು ಇದೆ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ ಎಂದು ಅವನು ಯಾವ ಕಾಲದಲ್ಲೋ ಹೇಳಿಬಿಟ್ಟಿದ್ದ. ಒಮ್ಮೆ ತೋರಿಸಿ ಎಂದು ಅವಳು ಕೇಳಿದಾಗೆಲ್ಲ ಒಂದೊಂದು ನೆಪ. ಬೀಗದ ಕೈ ಹೆಂಡತಿಯ ಹತ್ತಿರ, ಹೆಂಡತಿ ತವರಿನಲ್ಲಿ. ಇಲ್ಲವೆ ಕಾಗದ ಹಳೆಯದು, ಗಾಳಿ ತಾಕಿದರೆ ಪುಡಿಯಾಗುತ್ತದೆ. ಸೀಟಕ್ಕನಿಗೆ ಹೊಟ್ಟೆಯಲ್ಲಿ ಕಿಚ್ಚು. ಇರುವ ಪುಸ್ತಕಗಳನ್ನು ತೆರೆದರೂ ಇಲ್ಲದ್ದೇ ಕಣ್ಣಿಗೆ ಬೀಳುವುದು. ತಂಗಿಗೆ ಪಿತ್ತಕೋಶದ ಆಪರೇಷನ್ ಆದ ಮಾರನೆಯ ದಿನ ಭಾನುವಾರವಾಗಿತ್ತು. ಹಣ್ಣು ತರುತ್ತೇನೆಂದು ಹೊರಟವಳು ಗುಜರಿ ಬೀದಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಬರಿಗೈಯಲ್ಲಿ ಬಂದಿದ್ದಳು. ತಂಗಿ, ಪಕ್ಕದ ಹಾಸಿಗೆಯವರು ಕೊಟ್ಟಿದ್ದ ಬಾಳೆಹಣ್ಣನ್ನು ಮುರಿದು ಅರ್ಧ ಅಕ್ಕನಿಗೇ ಕೊಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಹೀಗಿರುವಾಗ ಒಂದು ಸಂಜೆ ಔಷಧಿ ಅಂಗಡಿಯವನೇ ಡಿಪೋಗೆ ಬಂದ. ಹೀಗೆ ಸ್ವಂತಕ್ಕೆ ಅಚ್ಚುಹಾಕಿಸಿದ ಪುಸ್ತಕಗಳ ಒಂದು ಸಣ್ಣ ಮೇಳ ನಡೆಯುತ್ತಿದೆಯಂತೆ, ‘ಲೊಚ್ ಲೊಚ್’ ಬರೆದವರೇ ಅಲ್ಲಿ ಮೇಜು ಹಾಕಿ ಕೂರುತ್ತಾರಂತೆ ಎಂದ. ಸುದ್ದಿ ಸಂತೋಷದ್ದು, ಅವನ ಮುಖ ಮಾತ್ರ ಅಷ್ಟು ಸಂತೋಷದ್ದಾಗಿರಲಿಲ್ಲ. ಬರಲೋ ಬೇಡವೋ ಎಂದು ಎಳೆದಾಡಿದವನನ್ನು ಸೀಟಕ್ಕನೇ ಹೊರಡಿಸಿಕೊಂಡು ಹೋದಳು.

ಮೇಳವೆಂದರೆ ಒಂದು ಶಾಲೆಯ ವ್ಯಾಯಾಮದ ಹಾಲಿನಲ್ಲಿ ಹತ್ತಾರು ಮೇಜು. ಮೂಲೆಯ ಮೇಜಿನ ಹಿಂದೆ ಇಸ್ತ್ರಿ ಮಾಡಿದ ಶರ್ಟು ತೊಟ್ಟ, ಸಣ್ಣ ದನಿಯ ಮನುಷ್ಯನೊಬ್ಬ ಕೂತಿದ್ದ. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದನಂತೆ. ತಾನು ಬರೆದ ಸಾಹೇಬರೆಲ್ಲ ತನ್ನ ಸಾಹೇಬರೇ. ಹೆಸರು ಹಾಕಿದ್ದರೆ ಅನ್ನಕ್ಕೇ ಸಂಚಕಾರ. ಈಗ ನಿವೃತ್ತಿಯಾಯಿತು, ಇನ್ನು ಯಾರ ಹೆದರಿಕೆ ಎಂದು ಅವನೇ ಹೇಳಿಕೊಂಡ.

ಸೀಟಕ್ಕ ಕೂರುವ ಮೊದಲೇ ಕೇಳಿದಳು, “ಸ್ವಾಮಿ, ಏಳನೇದು ಎಲ್ಲಿ ಸಿಗುತ್ತೆ?”

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. “ಏಳನೇದು ಇಲ್ಲಮ್ಮ.”

“ಮುಗಿದುಹೋಯ್ತಾ?”

“ಅಚ್ಚೇ ಆಗಲಿಲ್ಲ.”

ನಡೆದದ್ದು ಇಷ್ಟು. ಏಳನೆಯದನ್ನು ಅವನು ಕಚೇರಿಯಲ್ಲೇ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದ. ಯಾರೋ ನಮ್ಮನ್ನು ಆಡಿಕೊಂಡು ಬರೆಯುತ್ತಿದ್ದಾರೆಂದು ಆ ಹೊತ್ತಿಗೆ ಮೇಲಿನವರಿಗೆ ವಾಸನೆ ಹತ್ತಿತ್ತು. ಒಂದು ದಿನ ಸಾಹೇಬರು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತರು. ಗುಮಾಸ್ತ ದಿಕ್ಕುತೋಚದೆ ಹಾಳೆಗಳನ್ನೆಲ್ಲ ಊಟದ ಡಬ್ಬಿಗೆ ತುರುಕಿ ಮುಚ್ಚಳ ಒತ್ತಿದ. ಡಬ್ಬಿಯ ತುಂಬ ಮೊಸರನ್ನ. ಸಾಹೇಬರು ಅಲ್ಲಾಡದೆ ನಿಂತು ಹವಾಮಾನದ ವಿಚಾರ ಮಾತಾಡಿದರು. ಅವರು ಹೋದ ಮೇಲೆ ನೋಡಿದರೆ ಮಸಿಯೆಲ್ಲ ಅನ್ನಕ್ಕಿಳಿದಿತ್ತು. ಮತ್ತೆ ಬರೆಯಲು ಕೈ ಏಳಲಿಲ್ಲ. ಒಂದಷ್ಟು ಕಾಲ ಸುಮ್ಮನಿದ್ದು, ಪುನಃ ಶುರುಮಾಡಿದಾಗ ಎಂಟೆಂದೇ ಹಾಕಿದ.

“ಮತ್ತೆ ಹಲ್ಲಿ ಖಾನೆಯಿಂದ ಹೇಗೆ ಹೊರಗೆ ಬಂತು?”

“ಬಾಲ ಬಿಟ್ಟು ಬಂತು. ಹಲ್ಲಿ ಇನ್ನೇನು ಮಾಡುತ್ತೆ?” ಎಂದ ಗುಮಾಸ್ತ. ಆಮೇಲೆ ಹುಬ್ಬೇರಿಸಿ, ಏಳು ಇದೆ ಅಂತ ನಿಮಗೆ ಯಾರಾದರೂ ಹೇಳಿದ್ದರಾ ಎಂದು ಕೇಳಿದ.

ಔಷಧಿ ಅಂಗಡಿಯವನು ಪಕ್ಕದ ಮೇಜಿನ ಕಡೆ ತಿರುಗಿ, ಓದದೆಯೇ ಒಂದು ಪುಸ್ತಕದ ಪುಟ ಮಗುಚುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

“ಯಾರೋ ಏನೋ ಅಂದಿರ್ತಾರೆ, ಬಿಡಿ,” ಎಂದಳು ಸೀಟಕ್ಕ.

ವಾಪಸು ಬಸ್ಸಿನಲ್ಲಿ ಔಷಧಿ ಅಂಗಡಿಯವನು ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆದ. ಚಿಲ್ಲರೆ ಎಣಿಸುತ್ತಲೇ, ಸಿಟ್ಟು ಬಂತಾ ಅಕ್ಕ ಎಂದು ಕೇಳಿದ.

“ಬರಬೇಕಿತ್ತು. ಯಾಕೋ ಬರ್ತಾ ಇಲ್ಲ.”

ನಿಜವಾಗಿಯೂ ಬಂದಿರಲಿಲ್ಲ. ತಾನು ಸೋತಿಲ್ಲ, ಇವನು ಗೆದ್ದೂ ಇಲ್ಲ. ಹುಡುಕಿದ್ದು ಸಾಲದೆಂದೂ ಅಲ್ಲ, ತನ್ನ ಕಣ್ಣು ತಪ್ಪಿಸಿ ಯಾರೋ ಕೊಂಡೊಯ್ದರೆಂದೂ ಅಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಜೊತೆಗೆ ಪಾಪ, ಇವನದು ತನಗಿಂತ ದೊಡ್ಡ ಹೊರೆ ಎಂದೂ ಅನ್ನಿಸಿತು. ಹುಡುಕುವವಳಿಗೆ ವಾರಕ್ಕೊಂದು ದಿನ, ಸುಳ್ಳನ್ನು ಬಚ್ಚಿಡುವವನಿಗೆ ದಿನಾ. ಅವನಿಗೂ ಅದೇ ತೋಚಿರಬೇಕು. ಇಳಿಯುವ ಮುಂಚೆ, ಇವತ್ತು ನಿದ್ದೆ ಬರುತ್ತೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅದಕ್ಕೆ ಅವಳು ನಕ್ಕಳು, ಅವನೂ ನಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ತಂಗಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಕೇಳಿದಳು, “ಹಾಗಾದ್ರೆ ಇನ್ನು ಭಾನುವಾರ ಮನೇಲಿರ್ತೀಯಾ?”

“ಇರ್ತೀನಿ,” ಎಂದಳು ಅಕ್ಕ. ತಾನೂ ಒಂದು ಬಟ್ಟೆಯ ತುದಿ ಹಿಡಿದು, “ಆಪರೇಷನ್ ಆದಾಗಲೂ ಇರಬೇಕಿತ್ತು,” ಎಂದಳು. ತಂಗಿ ತಲೆಯಾಡಿಸಿ, ಇನ್ನೊಂದು ಬಟ್ಟೆ ಎತ್ತಿಕೊಂಡಳು.

ಮುಂದಿನ ಭಾನುವಾರ ಸೀಟಕ್ಕ ಬಿಸಿಲೇರುವವರೆಗೂ ಮಲಗಿದ್ದಳು. ಎದ್ದು ಕಾಫಿ ಕುಡಿದ ಮೇಲೆ ತಂಗಿಯೇ, ಒಂದು ಸುತ್ತು ಹೋಗಿ ಬರೋಣ, ನಿನ್ನ ಗುಜರಿ ಬೀದಿ ಹೇಗಿದೆ ನೋಡೇಬಿಡ್ತೀನಿ ಎಂದಳು. ಇಬ್ಬರೂ ಹೋದರು. ಸೀಟಕ್ಕನಿಗೆ ಆ ಸಾಲು ಹೊಸದಾಗಿ ಕಂಡಿತು. ಇಷ್ಟು ಕಾಲ ಒಂದೇ ಪುಸ್ತಕವನ್ನು ಹುಡುಕುತ್ತ ಮಿಕ್ಕದ್ದನ್ನೆಲ್ಲ ಆಚೆ ತಳ್ಳಿದ್ದಳು. ಈಗ ಕೂತು, ಅವಸರವಿಲ್ಲದೆ ಒಂದೊಂದನ್ನೇ ತೆಗೆದು ನೋಡಿದಳು. ತಳದಲ್ಲೊಂದು ಎಂಟು ಹಾಳೆಯ ಪುಸ್ತಕ ಸಿಕ್ಕಿತು. ಬಾಗಿಲಿಗಿಂತ ಅಗಲವಿದ್ದ ಸೋಫಾವೊಂದನ್ನು ಇಡೀ ಬೀದಿಯವರು ಮನೆಯೊಳಗೆ ತುರುಕುವ ಕಥೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ತಂಗಿ ಭುಜದ ಮೇಲಿಂದ ಬಗ್ಗಿ, ಸ್ವಲ್ಪ ಈ ಕಡೆ ಹಿಡಿ, ನನಗೂ ಕಾಣಲಿ ಎಂದಳು.