ಅವ್ವಣ್ಣ ಮುಚ್ಚಿದ ಬಕಲುಗಳು

ಪುಣೆಯ ಕಾತ್ರಜದ ಹೆದ್ದಾರಿ ಬದಿಯ ತಗಡಿನ ಶೆಡ್ಡೊಂದರಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅವ್ವಣ್ಣನಿಗೆ ತನ್ನ ಕೈಗೆಲಸದ ಮೇಲಿದ್ದ ಜಂಬ ಸಣ್ಣದಲ್ಲ. ಇರಲಿ ಬಿಡಿ, ಜಂಬಪಡಲು ಅವನಿಗೆ ಹಕ್ಕಿತ್ತು. ಸೇಡಂ ಕಡೆಯ ಹಳ್ಳಿಯಿಂದ ಅಪ್ಪ-ಅವ್ವನ ಬೆನ್ನಿಗೆ ಪುಣೆಗೆ ಬಂದು, ಹತ್ತು ವರ್ಷ ಕಟ್ಟಡಗಳ ಮೇಲೆ ಸಿಮೆಂಟಿನ ಪುಟ್ಟಿ ಹೊತ್ತು, ಆಮೇಲೆ ಒಬ್ಬ ಮುದುಕ ದರ್ಜಿಯ ಕಾಲ ಬಳಿ ಕೂತು ಕಲಿತ ವಿದ್ಯೆ ಅದು. ಕವರ್ ತೊಡಿಸಿದ ಮೇಲೆ ಸೀಟಿನ ಉದ್ದಕ್ಕೂ ಅಂಗೈ ಆಡಿಸಿ ನೋಡುತ್ತಿದ್ದ. ಎಲ್ಲಿಯೂ ಸುಕ್ಕಿಲ್ಲ, ಉಬ್ಬಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗಿರಾಕಿಯನ್ನು ಕರೆಯುತ್ತಿದ್ದ. ಸಾತಾರಾದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಈ ನುಣುಪಿಗೆ ದೊಡ್ಡ ವೈರಿಯೆಂದರೆ ಹಿಂದಿನ ಸೀಟಿನ ಬೆಲ್ಟಿನ ಬಕಲು. ಕಾರು ಮಾಡುವವರು ಅದನ್ನು ಸೀಟಿನ ಸಂದಿಯಿಂದ ಮೂತಿ ಎತ್ತಿಕೊಂಡು ನಿಲ್ಲುವ ಹಾಗೆ ಕೂರಿಸಿರುತ್ತಾರೆ. ಕೂತವರಿಗೆ ಚುಚ್ಚುತ್ತದೆ, ನೋಡಲು ಚೆನ್ನಾಗಿಲ್ಲ, ಮುಚ್ಚಿಬಿಡಿ ಎಂದು ಗಿರಾಕಿಗಳು ಹೇಳುತ್ತಿದ್ದರು. ಅವ್ವಣ್ಣ ಆ ಬಕಲುಗಳನ್ನು ಕೆಳಕ್ಕೆ ಒತ್ತಿ, ಮೇಲೊಂದು ಪದರ ಸ್ಪಂಜು ಹಾಸಿ, ಅದರ ಮೇಲೆ ರೆಕ್ಸಿನ್ ಎಳೆದು ಹೊಲಿದುಬಿಡುತ್ತಿದ್ದ. ಬರಬರುತ್ತ ಕೇಳದವರಿಗೂ ಹಾಗೇ ಹೊಲಿದುಕೊಟ್ಟ. ಹಿಂದೆ ಕೂತವರು ಬೆಲ್ಟ್ ಹಾಕಿಕೊಂಡಿದ್ದನ್ನು ಅವನು ಕಂಡವನಲ್ಲ. ಯಾರಿಗೂ ಬೇಡದ ವಸ್ತುವನ್ನು ಮುಚ್ಚಿದರೆ ಪಾಪ ಬರುತ್ತದೆ ಎಂದು ಅವನಿಗೆ ಅನ್ನಿಸಲಿಲ್ಲ, ಬೇರೆ ಯಾರೂ ಹೇಳಲಿಲ್ಲ.

ಹೀಗಿರುವಾಗ ಟ್ರಾಫಿಕ್ ಪೊಲೀಸರು ಬೆಲ್ಟಿನ ಬೆನ್ನು ಹತ್ತಿದರು. ಕಾತ್ರಜ ಚೌಕದಲ್ಲಿ ಪೆಂಡಾಲ್ ಹಾಕಿ, ಮರಾಠಿಯಲ್ಲಿ ಬ್ಯಾನರ್ ಕಟ್ಟಿ, ಹೋಗುವ ಬರುವ ಕಾರುಗಳನ್ನು ನಿಲ್ಲಿಸಿ ಹಿಂದೆ ಕೂತವರಿಗೂ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳತೊಡಗಿದರು. ಮೇಜಿನ ಮೇಲೆ ಮಕ್ಕಳ ಸೀಟೊಂದನ್ನು ಇಟ್ಟು ಅದರಲ್ಲಿ ಗೊಂಬೆಯೊಂದನ್ನು ಕಟ್ಟಿ ಕೂರಿಸಿದ್ದರು. ಜನ ಅದರ ಫೋಟೋ ತೆಗೆದುಕೊಂಡು, ಮಕ್ಕಳನ್ನು ತೊಡೆಯ ಮೇಲೆಯೇ ಕೂರಿಸಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬಿಳಿ ಅಂಗಿ, ಖಾಕಿ ಪ್ಯಾಂಟಿನ ಪೊಲೀಸ್ ಹುಡುಗಿಯೊಬ್ಬಳು ಅವ್ವಣ್ಣನ ಶೆಡ್ಡಿನ ಮುಂದೆ ಬಂದು ನಿಂತಳು. ಎದೆಯ ಮೇಲಿನ ಪಟ್ಟಿಯಲ್ಲಿ ಸೋನಾಲಿ ಎಂದಿತ್ತು. ಅವಳ ಅಪ್ಪ-ಅವ್ವನೂ ಯಾದಗಿರಿ ಕಡೆಯಿಂದ ಬಂದು ಇಟ್ಟಿಗೆ ಹೊತ್ತವರೇ. ಹುಟ್ಟಿ ಬೆಳೆದದ್ದು ಪುಣೆಯಾದರೂ ಮನೆಯ ಮಾತು ಕನ್ನಡ.

"ಅವ್ವಣ್ಣ ಟೇಲರ್ ಅಂದ್ರ ನೀವೇನ್ರಿ ಕಾಕಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹಾಗೆ ಅವ್ವಣ್ಣ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಎದ್ದು ನಿಂತ. "ಹೌದ್ರಿ ಮ್ಯಾಡಮ್. ಏನಾತ್ರಿ?"

"ದಂಡದ ಪಾವತಿ ಹರಿಯಾಕ ಬಂದಿಲ್ರಿ, ಕುಂದ್ರಿ. ಬೆಲ್ಟ್ ಹಾಕ್ರಿ ಅಂದ್ರ ಹತ್ತ ಗಾಡ್ಯಾಗ ನಾಕ ಗಾಡಿಯವ್ರು ಬಕಲ್ ಸಿಗವಲ್ದು ಅಂತಾರ. ಕವರ್ ಯಾರ ಹೊಲದಾರ ಅಂತ ಕೇಳಿದ್ರ ನಿಮ್ಮ ಹೆಸರ ಹೇಳ್ತಾರ."

ಹತ್ತರಲ್ಲಿ ನಾಲ್ಕು. ನಿಜ ಹೇಳಬೇಕೆಂದರೆ ಅವ್ವಣ್ಣನಿಗೆ ಮೊದಲು ಆದದ್ದು ಹೆಮ್ಮೆ. ಅದು ಮುಖದ ಮೇಲೆ ಬರುವಷ್ಟರಲ್ಲಿ ಸೋನಾಲಿಯ ಮುಖ ನೋಡಿ ನುಂಗಿಕೊಂಡ.

"ಗಿರಾಕಿ ಹೇಳ್ತಾರ, ನಾ ಹೊಲಿತೀನ್ರಿ. ಬಕಲ್ ನಾ ಏನ್ ಕೊಯ್ದಿಲ್ಲಲ್ಲ. ಅಲ್ಲೇ ಕೆಳಗ ಅದ."

"ಕೆಳಗ ಇದ್ರ ಏನ್ ಬಂತು ಕಾಕಾ?" ಎಂದ ಸೋನಾಲಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಹೋದ ತಿಂಗಳು ಘಾಟಿನ ಇಳಿಜಾರಿನಲ್ಲಿ ಒಂದು ಕಾರು ಗಕ್ಕನೆ ಬ್ರೇಕ್ ಹಾಕಿತ್ತಂತೆ. ಭಾರಿ ವೇಗವೇನೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿಯೊಬ್ಬಳು ಮೊಮ್ಮಗಳನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಳಂತೆ. ಆದರೂ ಕೂಸು ಕೈಯಿಂದ ಹಾರಿ ಮುಂದಿನ ಗಾಜಿಗೆ ಹೋಗಿ ಬಿತ್ತು.

"ಕೂಸು ಉಳೀತೇನ್ರಿ?" ಅವ್ವಣ್ಣ ಕೇಳಿದ.

"ಉಳದದ. ಆದ್ರ ಆ ಆಯಿ ಇನ್ನಾ ತನ್ನ ಕೈ ನೋಡ್ಕೋತ ಕುಂದ್ರತಾಳ. ಅವತ್ತ ಆ ಗಾಡ್ಯಾಗ ನಾ ಬಕಲ್ ಹುಡುಕೀನಿ ಕಾಕಾ. ಕವರಿನ ಕೆಳಗಿತ್ತು."

ಆ ಕವರ್ ಯಾರು ಹೊಲಿದದ್ದು ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ಅವ್ವಣ್ಣನಿಗೂ ಆಗಲಿಲ್ಲ. ಇನ್ನು ಮುಂದೆ ಬಕಲಿಗೆ ಜಾಗ ಬಿಟ್ಟು ಹೊಲಿಯಿರಿ, ಹಳೆಯ ಗಿರಾಕಿಗಳು ಬಂದರೆ ಬಿಚ್ಚಿಕೊಡಿ ಎಂದು ಹೇಳಿ ಅವಳು ಎದ್ದಳು. "ನೋಡೂಣ್ರಿ" ಎಂದು ಅವನು ಯಂತ್ರದ ಮುಂದೆ ಕೂತ. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಬುದ್ಧಿ ಹೇಳುವುದೇ ಎಂದು ಎರಡು ದಿನ ಸಿಡಿಮಿಡಿಗೊಂಡಿದ್ದ. ಸರಿಯಾದ ಮಾತು ಹೇಳಿದವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ಮೂರನೆಯ ದಿನ ಮನೆಯಲ್ಲಿ ಮಗಳನ್ನು ಕಳಿಸುವ ಸಡಗರ. ಬಾಣಂತನಕ್ಕೆ ಬಂದಿದ್ದ ಮಾಯಾ ಐದು ತಿಂಗಳ ಹೆಣ್ಣುಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ರಾಂಜಣಗಾಂವದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಅಳಿಯ ಧರ್ಮರಾಜ ತನ್ನ ಕಾರು ತಂದಿದ್ದ. ಆ ಕಾರು ಕೊಂಡ ವಾರವೇ ಅವ್ವಣ್ಣ ಅದಕ್ಕೆ ಕುಂಕುಮದ ಬಣ್ಣದ ರೆಕ್ಸಿನ್ನಿನಲ್ಲಿ, ಅಂಚಿಗೆ ಬಿಳಿ ದಾರ ಹಾಯಿಸಿ ಕವರ್ ಹೊಲಿದು ಉಡುಗೊರೆ ಕೊಟ್ಟಿದ್ದ. ಅಂಥ ಕೆಲಸ ತಾನು ಇನ್ನೊಂದು ಮಾಡಿಲ್ಲ ಎಂದು ಅವನೇ ಹೇಳುತ್ತಿದ್ದ.

ಹೆಂಡತಿ ಸಾಬವ್ವ ಮಗಳ ಮಡಿಲಿಗೆ ಉಡಿ ತುಂಬಿದಳು. ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿಣದ ಕೊಂಬು, ಕುಬಸ ಹೊಲಿಸುವ ಬಟ್ಟೆಯ ಕಣ. ಅವರ ಮನೆತನದಲ್ಲಿ ಆ ತುಂಬಿದ ಉಡಿಯ ಮೇಲೆಯೇ ಕೂಸನ್ನು ಇಡುತ್ತಾರೆ. ಗಂಡನ ಮನೆಯ ಹೊಸ್ತಿಲು ದಾಟುವವರೆಗೆ ತಾಯಿ ಅದನ್ನು ಕೆಳಗಿಳಿಸುವ ಹಾಗಿಲ್ಲ. ಸಾಬವ್ವ ಹಾಗೇ ಬಂದವಳು, ಅವಳ ತಾಯಿಯೂ ಹಾಗೇ ಬಂದವಳು.

ಧರ್ಮರಾಜ ಕಾರಿನ ಡಿಕ್ಕಿಯಿಂದ ಒಂದು ಹೊಸ ಮಕ್ಕಳ ಸೀಟನ್ನು ತೆಗೆದ. ಪೊಲೀಸರು ಕಾರ್ಖಾನೆಗೂ ಬಂದು ತಿಳಿಹೇಳಿದ್ದರಂತೆ. ಆ ಸೀಟನ್ನು ಬೆಲ್ಟಿನಿಂದ ಬಿಗಿಯಬೇಕು. ಅವನು ಬೆಲ್ಟ್ ಎಳೆದು ಹಿಡಿದುಕೊಂಡು ಬಕಲಿಗಾಗಿ ಸೀಟಿನ ಸಂದಿಯಲ್ಲಿ ಕೈ ಹಾಕಿದ. ಮೊಣಕೈವರೆಗೂ ತೂರಿಸಿದ. ಕವರಿನ ಮೇಲೆ ಒಮ್ಮೆ ಒತ್ತಿ ನೋಡಿದ. ಯಂತ್ರಗಳ ಜೊತೆ ಬದುಕುವವನು, ಅವನಿಗೆ ತಿಳಿಯಿತು. ಆದರೆ ಮಾವ ಕೊಟ್ಟ ಉಡುಗೊರೆಯಲ್ಲಿ ಮಾವನ ಮನೆ ಬಾಗಿಲಲ್ಲಿ ನಿಂತು ಯಾವ ಅಳಿಯ ಹುಳುಕು ತೆಗೆಯುತ್ತಾನೆ?

"ಇರ್ಲಿ ಬಿಡ್ರಿ, ಇವತ್ತೊಂದಿನ ಉಡ್ಯಾಗ ಕುಂಡ್ರಸ್ಕೊಂಡ ಬರ್ತಾಳ. ಸಾವಕಾಶ ಹೊಡಿತೀನಿ."

"ಅದ ಛಲೋ ಆತು ನೋಡು" ಎಂದು ಸಾಬವ್ವ ಮಾಯಾಳನ್ನು ಕಾರಿನಲ್ಲಿ ಕೂರಿಸಿ ಕೂಸನ್ನು ಎತ್ತಿಕೊಂಡಳು.

ಅವ್ವಣ್ಣನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ, ಮರ್ಯಾದೆ ಉಳಿಯುತ್ತದೆ. ಆದರೆ ಮುಂದೆ ಅರವತ್ತು ಕಿಲೋಮೀಟರ್ ದಾರಿ, ಉದ್ದಕ್ಕೂ ಲಾರಿಗಳು. ಐದು ತಿಂಗಳಿಂದ ಕೆಲಸ ಮುಗಿಸಿ ಬಂದವನೇ ಕೈಕಾಲು ತೊಳೆದು ಆ ಕೂಸನ್ನು ಎದೆಗೆ ಹಾಕಿಕೊಳ್ಳುತ್ತಿದ್ದ. ಅದರ ಮೇಲೆ ಅವನಿಗೆ ಜೀವವೇ ಇತ್ತು. ಇದೀಗ ಸಾಬವ್ವನ ಕೈಗಳನ್ನು ನೋಡಿದ. ಮಾಯಾಳ ಕೈಗಳನ್ನು ನೋಡಿದ. ತನ್ನ ಕೈ ನೋಡಿಕೊಳ್ಳುತ್ತ ಕೂರುವ ಆ ಅಜ್ಜಿ ನೆನಪಾದಳು.

"ಮಾಯಾ, ಕೆಳಗ ಇಳಿ" ಎಂದು ಹೇಳಿ ಹತ್ತಿರದಲ್ಲೇ ಇದ್ದ ಶೆಡ್ಡಿಗೆ ಹೋಗಿ ಬ್ಲೇಡ್ ತಂದ.

"ಹೋಗೂ ಹೊತ್ನ್ಯಾಗ ಬ್ಲೇಡ್ ಯಾಕ್ರಿ?" ಸಾಬವ್ವ ಅಡ್ಡ ಬಂದಳು. "ಛಲೋ ಇದ್ದದ್ದನ್ನ ಯಾಕ ಹರಿತೀರಿ?"

"ಛಲೋ ಇಲ್ಲ ಅದು. ಬಕಲ್ ಒಳಗಿಟ್ಟ ಹೊಲದೀನಿ. ಅಳಿಯಾರಿಗೂ ಗೊತ್ತಾಗ್ಯದ, ನನ್ನ ಮಾರಿ ನೋಡಿ ಸುಮ್ಮಕಾದ್ರು."

ಧರ್ಮರಾಜ ತಲೆ ತಗ್ಗಿಸಿದ. ಅವ್ವಣ್ಣ ಕುಂಕುಮದ ಬಣ್ಣದ ರೆಕ್ಸಿನ್ನಿಗೆ ಬ್ಲೇಡ್ ಇಟ್ಟು ಎಳೆದ. ತಾನು ಹಾಕಿದ ಹೊಲಿಗೆ ಎಷ್ಟು ಗಟ್ಟಿ ಎಂದು ಅವನಿಗೆ ಅವತ್ತೇ ಗೊತ್ತಾದದ್ದು. ಸ್ಪಂಜು ಕಿತ್ತು, ಕೈ ಹಾಕಿ, ಮೂರೂ ಬಕಲುಗಳನ್ನು ಒಂದೊಂದಾಗಿ ಮೇಲೆತ್ತಿದ. ಒಂದರ ಬಾಯಲ್ಲಿ ದಾರದ ತುಣುಕು ಸಿಕ್ಕಿತ್ತು. ಅದನ್ನು ಸೂಜಿಯಿಂದ ತೆಗೆದ. ಸೀಟು ನೋಡಲು ಹರಕು ಚಾಪೆಯಂತಾಗಿತ್ತು.

ಮಕ್ಕಳ ಸೀಟು ಬಿಗಿಯಾಗಿ ಕೂತ ಮೇಲೆ ಸಾಬವ್ವನ ತಕರಾರು ಶುರುವಾಯಿತು. ಅಷ್ಟು ಚಿಕ್ಕ ಕೂಸು ಹಿಂದಕ್ಕೆ ಮುಖ ಮಾಡಿ ಕೂರಬೇಕಂತೆ. "ಗಂಡನ ಮನಿಗೆ ಬೆನ್ನ ಹಾಕಿ ಹೋಗ್ತಾಳೇನು ನನ್ನ ಮೊಮ್ಮಗಳು? ಉಡಿ ಬರಿದ ಆಗ್ತದಲ್ಲ?"

"ಅದು ನನ್ನ ಗಂಡನ ಮನಿ ಯವ್ವ, ಆಕಿದಲ್ಲ" ಎಂದು ಮಾಯಾ ನಕ್ಕಳು. "ಉಡ್ಯಾಗ ಕಾಯಿ ಅದ, ಅಕ್ಕಿ ಅದ. ಕೂಸು ಮಗ್ಗಲಕ ಅದ. ಬರಿದ ಹ್ಯಾಂಗಾತು?"

ಸಾಬವ್ವ ಗಂಡನನ್ನು ನೋಡಿದಳು, ಹರಿದ ಸೀಟನ್ನು ನೋಡಿದಳು. ಆಮೇಲೆ ಮಗಳ ಉಡಿಯಿಂದ ನಾಲ್ಕು ಕಾಳು ಅಕ್ಕಿ ತೆಗೆದು ಮಕ್ಕಳ ಸೀಟಿನ ಮೂಲೆಗೆ ಹಾಕಿ, "ಇದೂ ಉಡಿ ಅಂತ ತಿಳ್ಕೋ" ಎಂದು ಕೂಸನ್ನು ತಾನೇ ಮಲಗಿಸಿದಳು. ಧರ್ಮರಾಜ ಪಟ್ಟಿಗಳನ್ನು ಬಿಗಿದ. ಮಾಯಾ ಪಕ್ಕದಲ್ಲಿ ಕೂತು ತನ್ನ ಬೆಲ್ಟನ್ನೂ ಹಾಕಿಕೊಂಡಳು. ಸಂಜೆ ಮುಟ್ಟಿದೆವು ಎಂದು ಫೋನ್ ಬಂತು. ದಾರಿಯುದ್ದಕ್ಕೂ ಕೂಸು ನಿದ್ದೆ ಮಾಡಿತ್ತಂತೆ.

ಫೋನ್ ಇಟ್ಟ ಸಾಬವ್ವ ಕೇಳಿದಳು, "ಇಂಥವು ಎಷ್ಟ ಗಾಡಿಗೆ ಹೊಲದೀರಿ?"

ಅವ್ವಣ್ಣನ ಬಳಿ ಲೆಕ್ಕವಿರಲಿಲ್ಲ. ಇಪ್ಪತ್ತು ವರ್ಷದ ಕೆಲಸ. ಯಾವ ಗಾಡಿ ಯಾವ ಊರಿನಲ್ಲಿದೆಯೋ, ಹಿಂದೆ ಯಾರ ಮಗು ಕೂತಿದೆಯೋ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಮರುದಿನ ಶೆಡ್ಡು ತೆರೆಯಲಿಲ್ಲ. ಬ್ಲೇಡ್, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡು ಚೌಕಕ್ಕೆ ಹೋದ. ಸೋನಾಲಿ ಪೆಂಡಾಲಿನ ನೆರಳಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟಳು.

"ನನ್ನ ಹೊಲಿಗಿ ನನಗ ಗಾಜಿನ ಹೊರಗಿಂದನ ಗೊತ್ತಾಗ್ತದ" ಎಂದ ಅವ್ವಣ್ಣ. "ಯಾವ್ಯಾವ ನಿಲ್ಲಸಬೇಕು ಅಂತ ನಾ ತೋರಸ್ತೀನಿ."

ಅರ್ಧ ತಾಸಿನೊಳಗೆ ಸಾತಾರಾ ಕಡೆಯ ಕಾರೊಂದು ಬಂತು. ಅವ್ವಣ್ಣ ಕೈ ತೋರಿಸಿದ, ಸೋನಾಲಿ ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಒಂಬತ್ತು ಗಜದ ಸೀರೆಯ ಮುದುಕಿಯೊಬ್ಬಳು ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವ್ವಣ್ಣ ಬಾಗಿಲು ತೆರೆದು, ಸ್ವಲ್ಪ ಇಳಿಯಿರಿ ಆಯಿ, ಬೆಲ್ಟ್ ಹಾಕಬೇಕು ಎಂದು ಮರಾಠಿಯಲ್ಲಿ ಹೇಳಿದ.

ಈ ಗಾಡಿಯಲ್ಲಿ ಹಿಂದೆ ಬೆಲ್ಟಿಗೆ ಬಕಲೇ ಇಲ್ಲಪ್ಪ, ಮನೆಯವರೆಲ್ಲ ಹುಡುಕಿ ನೋಡಿದ್ದಾರೆ ಎಂದಳು ಮುದುಕಿ.

"ಇದೆ ಆಯಿ" ಎಂದ ಅವ್ವಣ್ಣ. "ನಾನೇ ಮುಚ್ಚಿಟ್ಟಿದ್ದೇನೆ."