ಹುಣಸೆಹಣ್ಣಲ್ಲಿ ತೊಳೆದ ಮೌತ್‌ಪೀಸ್

ಗೆಳೆಯರೇ, ನಮ್ಮಪ್ಪ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಹಳೆಯ ಹಿತ್ತಾಳೆ ಮೌತ್‌ಪೀಸ್‌ಗೆ ಕಿಲುಬು ಹಿಡಿದಿದೆಯೆಂದು ನಾನು ಅಂಥದ್ದೇ ಹೊಸದು ತಂದುಕೊಟ್ಟರೆ, "ಪುದುಸಲ್ಲಿ ಊದಿದ್ರೆ ತಗರದ ಡಬ್ಬಿ ಸತ್ತಂ ಬರ್ತದೆ" ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೊಸದರ ಸದ್ದನ್ನೇ ಹಳಿದು, ಮುಟ್ಟಲೇ ಇಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಶುಕ್ರವಾರದ ದೀಪಗಳ ಜೊತೆ ಎರಡನ್ನೂ ಹುಣಸೆಹಣ್ಣಲ್ಲಿ ತಿಕ್ಕಿಬಿಟ್ಟಳು. ಎರಡೂ ಫಳಫಳ, ಯಾವುದು ಯಾವುದೋ! ಪೋತ್ತನೂರಿನ ಮದುವೆಗೆ ಹೊರಟಿದ್ದ ಅಪ್ಪ ಎರಡನ್ನೂ ಊದಿ ನೋಡಿ, "ಇದೇ ನಮ್ಮ ಪಳಸು! ಸತ್ತಂ ಕೇಳಮ್ಮ, ಜೇನು!" ಎಂದು, ತಮ್ಮ ಹಳೆಯದೇ ಎಂಬ ಖುಷಿಯಲ್ಲಿ ಒಂದನ್ನು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಉಳಿದದ್ದರ ತೂತಿನೊಳಗೆ ಇಣುಕಿದೆ. ಹಸಿರು ಕಿಲುಬು ಹಾಗೇ ಇತ್ತು!

ಅಪ್ಪನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದಲ್ಲೇ ಇಲ್ಲಿ ಬರೆದಿದ್ದೇನೆ. ನೀವ್ಯಾರೂ ಬಾಯಿ ಬಿಡಬೇಡಿ.